ಉಪ್ಪುಕಾಗದ ಕೆಳಗಿಡಿ, ಮೊದಲು ಭೂತಗನ್ನಡಿ ತಗೊಳ್ಳಿ

ಹಳೆ ಜೇಬುಚಾಕುಗಳ ಬಗ್ಗೆ ಓದುಗರ ಪ್ರಶ್ನೆಗಳು, ನಮ್ಮ ಅಂಕಣಕಾರರ ಉತ್ತರಗಳು

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಒಂದು ಮಡಚುವ ಚಾಕು ಸಿಕ್ಕಿದೆ. ಅಲಗು ಪೂರ್ತಿ ಕಪ್ಪಾಗಿದೆ. ಬುಡದಲ್ಲಿ ಏನೋ ಅಕ್ಷರಗಳಿದ್ದ ಹಾಗಿದೆ. ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯುವ ಹಾಗೆ ಮಾಡಬಹುದಾ?

ಉತ್ತರ: ಬೇಡ. ದಯವಿಟ್ಟು ಬೇಡ. ಈ ತಪ್ಪು ನಾನೂ ಮಾಡಿದ್ದೇನೆ, ಅದೂ ನಮ್ಮಜ್ಜನ ಚಾಕುವಿಗೇ. ಆಗ ನನಗೆ ಹದಿನೇಳು ವರ್ಷ. ಒಂದಿಡೀ ಮಧ್ಯಾಹ್ನ ಕೂತು ಉಜ್ಜಿ ಅಲಗನ್ನು ಕನ್ನಡಿ ಥರ ಮಾಡಿಟ್ಟೆ. ಕಂಡಕಂಡವರಿಗೆಲ್ಲ ತೋರಿಸಿ ಬೀಗಿದ್ದೂ ಆಯಿತು.

ಎಷ್ಟೋ ವರ್ಷದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಬುಡದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಅರ್ಧ ಶಿಲುಬೆ, ಇನ್ನೊಂದು ಕಡೆ ಒಂದು ಸಣ್ಣ ಕಿರೀಟ, ಕಿರೀಟದ ಬಲಕ್ಕೆ ಮಸುಕಾಗಿ 'ಆರ್' ಅಕ್ಷರ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಅಂದರೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಕಂಪನಿಯ ಗುರುತು. ಅವರು ರಾಜಮನೆತನಕ್ಕೆ ಚಾಕು ಒದಗಿಸುತ್ತಿದ್ದವರು. ಕಿರೀಟದ ಆಚೆ ಈಚೆ 'ವಿ', 'ಆರ್' ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901. 'ಇ', 'ಆರ್' ಇದ್ದರೆ ಏಳನೇ ಎಡ್ವರ್ಡ್‌ನ ಕಾಲ, 1910ರವರೆಗೆ. 'ಜಿ' ಇದ್ದರೆ ಯಾವುದೋ ಒಬ್ಬ ಜಾರ್ಜ್ ದೊರೆಯ ಕಾಲ. ನನ್ನ ಚಾಕುವಿನಲ್ಲಿ 'ಆರ್' ಉಳಿದಿದೆ, ಎಡಗಡೆಯ ಅಕ್ಷರ ಉಪ್ಪುಕಾಗದದ ಪಾಲಾಯಿತು. ಕಾಲ ಹೇಳುತ್ತಿದ್ದದ್ದು ಅದೊಂದೇ ಅಕ್ಷರ!

ನಿಮ್ಮ ಚಾಕುವಿನ ಕಪ್ಪು ಎಲ್ಲವೂ ಕೊಳೆಯಲ್ಲ. ಹಳೆ ಉಕ್ಕು ಬಳಸಿ ಬಳಸಿ ಬೂದು, ನೀಲಿ, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಅದು ಅಲ್ಲಿಗೇ ನಿಲ್ಲುತ್ತದೆ, ಅಲಗಿಗೆ ತೊಂದರೆ ಕೊಡುವುದಿಲ್ಲ. ಸಂಗ್ರಹಕಾರರು ಇಷ್ಟಪಡುವುದೇ ಆ ಬಣ್ಣವನ್ನು. ಮುಟ್ಟಿದರೆ ಪುಡಿಪುಡಿಯಾಗಿ ಬೆರಳಿಗೆ ಹತ್ತುವ ಕೆಂಪು ತುಕ್ಕು ಬೇರೆ. ಅದು ಉಕ್ಕನ್ನು ತಿನ್ನುತ್ತಲೇ ಇರುತ್ತದೆ, ಅದನ್ನು ಮಾತ್ರ ತೆಗೆಯಿರಿ. ಕೆಂಪು ಕಂಡ ಕಡೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಹಾಕಿ ಒಂದು ದಿನ ಬಿಡಿ. ಆಮೇಲೆ ಬಿದಿರಿನ ಕಡ್ಡಿಯ ತುದಿಯಿಂದ ಮೆಲ್ಲಗೆ ಕೆರೆದು ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ. ಒಂದೇ ಸಲಕ್ಕೆ ಹೋಗಲ್ಲ. ನಾಲ್ಕೈದು ಸಲ ಮಾಡಬೇಕಾಗುತ್ತದೆ. ಅಕ್ಷರಗಳಿರುವ ಜಾಗಕ್ಕೆ ಕಡ್ಡಿಯೂ ಬೇಡ, ಬಟ್ಟೆ ಸಾಕು.

ಅಲಗು ಬಿಗಿದುಕೊಂಡಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ. ತಿರುಗುವ ಮೊಳೆಯ ಹತ್ತಿರ ಮಾತ್ರ ಎಣ್ಣೆ ಬಿಡಿ. ಇಡೀ ಚಾಕುವನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಮೂಳೆಯ ಹಿಡಿ ಎಣ್ಣೆ ಕುಡಿದು ಕಲೆಯಾಗುತ್ತದೆ.

ಪ್ರಶ್ನೆ: ಇನ್ನೂರು ವರ್ಷ ಹಳೆಯದು ಅಂತ ಹೇಳಿ ಒಬ್ಬರು ಒಂದು ಚಾಕು ಮಾರಿದರು. ಅಲಗಿನ ಮೇಲೆ 'ರೋಸ್ಟ್‌ಫ್ರೈ', 'ಜರ್ಮನಿ' ಅಂತ ಇದೆ. ನಿಜ ಇರಬಹುದಾ?

ಉತ್ತರ: ರೋಸ್ಟ್‌ಫ್ರೈ ಅಂದರೆ ಜರ್ಮನ್ ಭಾಷೆಯಲ್ಲಿ 'ತುಕ್ಕು ಹಿಡಿಯದ್ದು'. ಹ್ಯಾರಿ ಬ್ರಿಯರ್ಲಿ ಶೆಫೀಲ್ಡ್‌ನಲ್ಲಿ ಸ್ಟೇನ್‌ಲೆಸ್ ಉಕ್ಕು ಎರಕ ಹೊಯ್ದದ್ದು 1913ರಲ್ಲಿ. ಚಾಕುಗಳಿಗೆ ಅದು ಬಂದದ್ದು ಆಮೇಲೆಯೇ. ಇನ್ನೂರು ವರ್ಷದ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಸುಳಿವೂ ಇದೆ. ಹೊರಗಿನಿಂದ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್ ಎರಡೂ ಊರಿನ ಚಾಕುಗಳಿಗೆ ಅಮೆರಿಕ ದೊಡ್ಡ ಸಂತೆ. ಹಾಗಾಗಿ ದೇಶದ ಹೆಸರಿರುವ ಚಾಕುಗಳು ಸಾಮಾನ್ಯವಾಗಿ ಅದರ ನಂತರದವು. ಚಾಕು ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ಹೇಳಿದ ಕಥೆಯನ್ನು ಮಾತ್ರ ಮಾರಿದವರಿಗೇ ವಾಪಸ್ ಕೊಟ್ಟುಬಿಡಿ.

ಪ್ರಶ್ನೆ: ಒಂದೇ ಡಬ್ಬಿಯಲ್ಲಿ ಎಂಟು ಚಾಕು ಇಟ್ಟಿದ್ದೆ. ಹಳದಿ ಪ್ಲಾಸ್ಟಿಕ್ ಥರದ ಹಿಡಿ ಇರುವ ಒಂದರ ಅಕ್ಕಪಕ್ಕದವು ಬೇಗ ತುಕ್ಕು ಹಿಡಿಯುತ್ತಿವೆ. ಡಬ್ಬಿ ತೆಗೆದರೆ ಕರ್ಪೂರದ ವಾಸನೆ ಬರುತ್ತೆ.

ಉತ್ತರ: ಕಳ್ಳ ಸಿಕ್ಕಿದ. ಆ ಹಿಡಿ ಸೆಲ್ಯುಲಾಯ್ಡ್, ಅಂದರೆ ಹಳೆ ಕಾಲದ ಒಂದು ಬಗೆಯ ಪ್ಲಾಸ್ಟಿಕ್. ಅದರಲ್ಲಿ ನಿಜವಾಗಿಯೂ ಕರ್ಪೂರ ಇರುತ್ತದೆ. ವಯಸ್ಸಾದಂತೆ ಅದು ಒಳಗಿಂದ ಕೆಟ್ಟು ಆಮ್ಲದ ಆವಿ ಬಿಡುತ್ತದೆ. ಮೊದಲು ತನ್ನ ಅಲಗನ್ನೇ ತಿನ್ನುತ್ತದೆ, ಆಮೇಲೆ ನೆರೆಯವರನ್ನು. ಇವತ್ತೇ ಬೇರೆ ಮಾಡಿ, ಗಾಳಿಯಾಡುವ ತಂಪು ಜಾಗದಲ್ಲಿಡಿ. ಯಾವ ಹಿಡಿ ಅಂತ ತಿಳಿಯಲು ಕಾದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೆಲ್ಯುಲಾಯ್ಡ್ ಭಗ್ ಅಂತ ಹತ್ತಿಕೊಳ್ಳುತ್ತದೆ.

ಹಾಗೇ ಇನ್ನೊಂದು ಮಾತು. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ. ಚರ್ಮ ಹದ ಮಾಡಲು ಬಳಸಿದ ಪದಾರ್ಥ ಚಾಕುವಿನ ಹಿತ್ತಾಳೆ ಭಾಗಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ.

ಪ್ರಶ್ನೆ: ದಂತದ ಹಿಡಿ ಅಂತ ಒಂದು ಚಾಕು ಮಾರಾಟಕ್ಕಿದೆ. ತಗೊಳ್ಳಲಾ?

ಉತ್ತರ: ಬಿಟ್ಟುಬಿಡಿ. ಆನೆದಂತದ ವ್ಯಾಪಾರಕ್ಕೆ ಬಹುತೇಕ ಎಲ್ಲ ಕಡೆ ಕಟ್ಟುನಿಟ್ಟಾದ ಕಾನೂನಿದೆ, ಹಳೆಯದು ಅಂದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಅದೂ ಅಲ್ಲದೆ 'ದಂತ' ಅಂತ ಮಾರುವುದರಲ್ಲಿ ಎಷ್ಟೋ ಬರೀ ಮೂಳೆ. ಮೂಳೆಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ, ಗೀರು ಕಾಣುತ್ತವೆ.

ಪ್ರಶ್ನೆ: ಸರ್, ಈಗಷ್ಟೇ ಶುರು ಮಾಡುತ್ತಿದ್ದೇನೆ. ಯಾವ ಬಗೆಯ ಚಾಕುವಿನಿಂದ ಶುರು ಮಾಡಲಿ?

ಉತ್ತರ: ನನ್ನನ್ನು ಕೇಳಿದರೆ ಬೆಳ್ಳಿಯ ಹಣ್ಣಿನ ಚಾಕು. ಪಕ್ಷಪಾತ ಅನ್ನಿ, ಪರವಾಗಿಲ್ಲ. ಹಳೆ ಉಕ್ಕಿನ ಅಲಗಿನಲ್ಲಿ ಹಣ್ಣು ಕೊಯ್ದರೆ ಹುಳಿಗೆ ಅಲಗು ಕಪ್ಪಾಗುತ್ತದೆ, ಹಣ್ಣಿಗೂ ಕಬ್ಬಿಣದ ರುಚಿ ಹತ್ತುತ್ತದೆ. ಅದಕ್ಕೇ ಇಂಗ್ಲೆಂಡಿನಲ್ಲಿ ಬೆಳ್ಳಿ ಅಲಗು, ಮುತ್ತಿನ ಚಿಪ್ಪಿನ ಹಿಡಿ ಹಾಕಿ ಬೆರಳುದ್ದದ ಮಡಚುವ ಚಾಕು ಮಾಡುತ್ತಿದ್ದರು. ನನ್ನ ಹತ್ತಿರ ಒಂದಿದೆ. ಕೈಯಲ್ಲಿ ಹಿಡಿದರೆ ಚಿಪ್ಪು ಮೊದಲು ತಣ್ಣಗಿರುತ್ತದೆ, ಅರೆ ನಿಮಿಷಕ್ಕೆ ಬೆಚ್ಚಗಾಗುತ್ತದೆ. ಅಲಗಿನ ಮೇಲೆ ಸಾಲಾಗಿ ಪುಟ್ಟ ಮುದ್ರೆಗಳು. ನಡೆಯುತ್ತಿರುವ ಸಿಂಹ ಇದ್ದರೆ ಅಪ್ಪಟ ಸ್ಟರ್ಲಿಂಗ್ ಬೆಳ್ಳಿ, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಕಿರೀಟ ಇದ್ದರೆ ಶೆಫೀಲ್ಡ್, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್. ಎರಡೂ ಕಡೆ ಬೆಳ್ಳಿ ಪರೀಕ್ಷೆಯ ಕಚೇರಿ ಶುರುವಾದದ್ದು 1773ರಲ್ಲಿ. ರಾಜನದೋ ರಾಣಿಯದೋ ತಲೆ ಇದ್ದರೆ ತೆರಿಗೆ ಕಟ್ಟಿದ್ದಾರೆ ಅಂತ ಅರ್ಥ, ಆ ಗುರುತು 1890ಕ್ಕೆ ನಿಂತುಹೋಯಿತು. ಕೊನೆಯದಾಗಿ ಒಂದು ಅಕ್ಷರ. ಅದು ಪ್ರತಿ ವರ್ಷ ಬದಲಾಗುತ್ತಿತ್ತು. ಪಟ್ಟಿ ತೆಗೆದು ಹೊಂದಿಸಿದರೆ ಹುಟ್ಟಿದ ವರ್ಷವೇ ಸಿಕ್ಕಿಬಿಡುತ್ತದೆ! ಅಕ್ಷರ ಒಂದೇ ನೋಡಿದರೆ ಸಾಲದು, ಅದರ ಬರವಣಿಗೆಯ ಶೈಲಿ, ಸುತ್ತಲಿನ ಚೌಕಟ್ಟಿನ ಆಕಾರ ಎರಡೂ ಹೊಂದಬೇಕು.

ಸರಳವಾದದ್ದು ಬೇಕೆಂದರೆ ಫ್ರಾನ್ಸಿನ ಒಪಿನೆಲ್ ಕಂಪನಿಯ ಚಾಕು. ಮರದ ಹಿಡಿ, ಒಂದೇ ಅಲಗು. ಅಲಗು ಮಡಚಿಕೊಳ್ಳದಂತೆ ತಡೆಯುವ ತಿರುಗುವ ಬಳೆ ಬಂದದ್ದು 1955ರಲ್ಲಿ. ದೊಡ್ಡ ಒಪಿನೆಲ್‌ನಲ್ಲಿ ಬಳೆ ಇಲ್ಲದಿದ್ದರೆ ಹಳೆಯದಿರಬಹುದು. ತೀರಾ ಚಿಕ್ಕ ಅಳತೆಯವಕ್ಕೆ ಇವತ್ತಿಗೂ ಬಳೆ ಇಲ್ಲ, ಮೋಸ ಹೋಗಬೇಡಿ.

ಪ್ರಶ್ನೆ: ಮನೆಯಲ್ಲಿ 'ಇದೇನು ಚಾಕು ಹುಚ್ಚು' ಅಂತ ಬೈತಾರೆ. ಏನು ಹೇಳಲಿ?

ಉತ್ತರ: ಜೇಬುಚಾಕುವಿಗೆ ಇಂಗ್ಲಿಷಿನಲ್ಲಿ ಪೆನ್‌ನೈಫ್ ಅನ್ನೋ ಹೆಸರು ಹೇಗೆ ಬಂತು ಅಂತ ಹೇಳಿ. ಹಕ್ಕಿಯ ಗರಿಯಿಂದ ಬರೆಯುತ್ತಿದ್ದ ಕಾಲದಲ್ಲಿ ಗರಿಯ ತುದಿಯನ್ನು ಆಗಾಗ ಚೂಪು ಮಾಡಬೇಕಿತ್ತು. ಆ ಕೆಲಸಕ್ಕೇ ಇದ್ದ ಚಾಕು ಅದು, ಬರೆಯುವವರ ಸಾಮಾನು. ನಮ್ಮ ಮನೆಯಲ್ಲೂ ಮೊದಲು ಬೈಗುಳವೇ. ಈಗ ಮೊಮ್ಮಗಳ ಪೆನ್ಸಿಲ್ ಮೊಂಡಾದರೆ ನನ್ನ ಹತ್ತಿರವೇ ಕಳಿಸುತ್ತಾರೆ. ಅದಕ್ಕೆ ಬಳಸುವುದು ಆ ಉಜ್ಜಿ ಹಾಳು ಮಾಡಿದ ಅಜ್ಜನ ಚಾಕುವನ್ನೇ.