ಪೆಟೂನಿಯದ ಬಿಳಿ ಪಟ್ಟಿ ಎಲ್ಲಿ ಹೋಯಿತು?

ಓದುಗರ ಪತ್ರ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ದಸರಾ ಫಲಪುಷ್ಪ ಪ್ರದರ್ಶನ ನೋಡಿಬಂದ ಮೇಲೆ ತಾರಸಿಗೆ ಪೆಟೂನಿಯ ತಂದಿಟ್ಟೆವು. ಮೊದಮೊದಲು ನೇರಳೆ ಹೂವಿನಲ್ಲಿ ನಕ್ಷತ್ರದ ಹಾಗೆ ಐದು ಬಿಳಿ ಪಟ್ಟಿ. ಈಗ ಅದೇ ಗಿಡದಲ್ಲಿ ಕೆಲವು ಹೂ ಪೂರ್ತಿ ನೇರಳೆ. ನರ್ಸರಿಯವರು ಗೊಬ್ಬರ ಸಾಲದು ಅಂದರು. ಕಾಲೇಜು ಓದುವ ಮಗಳು ‘ಸಣ್ಣ ಆರ್‌ಎನ್‌ಎ ಕೆಲಸ’ ಅನ್ನುತ್ತಾಳೆ. ಯಾರ ಮಾತು ಸರಿ? ನಾವೇನು ಮಾಡಬೇಕು?

ಸಂಪಾದಕರ ಉತ್ತರ: ಮಗಳ ಮಾತೇ ಸರಿ. ಗೊಬ್ಬರ ಸುರಿಯಬೇಡಿ. ಸಾರಜನಕ ಜಾಸ್ತಿಯಾದರೆ ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ, ಪಟ್ಟಿಯಂತೂ ಬರುವುದಿಲ್ಲ.

ನೇರಳೆ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಅದರ ತಯಾರಿಯಲ್ಲಿ ಚಾಲ್ಕೋನ್ ಸಿಂಥೇಸ್ ಎಂಬ ಕಿಣ್ವ ಬೇಕೇ ಬೇಕು. ನಿಮ್ಮಂಥ ನಕ್ಷತ್ರದ ತಳಿಗಳಲ್ಲಿ ಈ ಕಿಣ್ವದ ಜೀನ್‌ನ ಎರಡು ಪ್ರತಿಗಳು ಒಂದರ ಪಕ್ಕ ಒಂದು ಕುಳಿತಿರುತ್ತವೆ. ಬಿಳಿ ಪಟ್ಟಿಯ ಜೀವಕೋಶದಲ್ಲೂ ಜೀನ್ ಕೆಟ್ಟಿರುವುದಿಲ್ಲ, ಕಿಣ್ವ ತಯಾರಿಸಲು ಅದು ಕಳಿಸುವ ಸೂಚನೆಯ ನಕಲು, ಅಂದರೆ ಸಂದೇಶವಾಹಕ ಆರ್‌ಎನ್‌ಎ ಕೂಡ ತಯಾರಾಗುತ್ತದೆ. ಆದರೆ ಅಲ್ಲಿ ಅದೇ ಜೀನ್‌ನ ಜೋಡಿ ಎಳೆಯ ಆರ್‌ಎನ್‌ಎಯೂ ಹುಟ್ಟುತ್ತದೆ. ಅದನ್ನು ಡೈಸರ್ ಎಂಬ ಕಿಣ್ವ ಸುಮಾರು 21 ನ್ಯೂಕ್ಲಿಯೋಟೈಡ್ (ಆರ್‌ಎನ್‌ಎಯ ಅಕ್ಷರ) ಉದ್ದದ ತುಂಡುಗಳಾಗಿ ಕತ್ತರಿಸುತ್ತದೆ. ಇವೇ ಮಗಳು ಹೇಳಿದ ಸಣ್ಣ ಆರ್‌ಎನ್‌ಎ. ತುಂಡಿನ ಒಂದು ಎಳೆ ಆರ್ಗೊನಾಟ್ ಎಂಬ ಪ್ರೋಟೀನಿಗೆ ಸೇರುತ್ತದೆ, ಇನ್ನೊಂದು ಹಾಳಾಗುತ್ತದೆ. ಉಳಿದ ಎಳೆಗೆ ಸರಿಹೊಂದುವ ಸಂದೇಶ ಸಿಕ್ಕಿತೋ, ಆರ್ಗೊನಾಟ್ ಅದನ್ನು ಎಳೆಯ 10 ಮತ್ತು 11ನೇ ಅಕ್ಷರಗಳ ಎದುರಿಗೆ ಕತ್ತರಿಸುತ್ತದೆ. ಕಿಣ್ವವಿಲ್ಲ, ಬಣ್ಣವಿಲ್ಲ.

ಇದೆಲ್ಲ ಮೊದಲು ಕಣ್ಣಿಗೆ ಬಿದ್ದದ್ದೂ ಪೆಟೂನಿಯದಲ್ಲೇ. ಬಣ್ಣ ಗಾಢವಾಗಲಿ ಎಂದು ಇದೇ ಜೀನ್‌ನ ಹೆಚ್ಚುವರಿ ಪ್ರತಿ ಸೇರಿಸಿದರೆ ಬಿಳಿ ಹೂ ಬಿಟ್ಟಿತು ಎಂದು 1990ರಲ್ಲಿ ವರದಿಯಾಯಿತು. ಸಸ್ಯಗಳಲ್ಲಿ ಸಣ್ಣ ಆರ್‌ಎನ್‌ಎಗಳನ್ನು ವಿಜ್ಞಾನಿಗಳಾದ ಹ್ಯಾಮಿಲ್ಟನ್, ಬೌಲ್‌ಕೂಂಬ್ ಗುರುತಿಸಿದ್ದು 1999ರಲ್ಲಿ. 2006ರ ನೊಬೆಲ್ ಮಾತ್ರ ಹುಳುವಿನಲ್ಲಿ ಜೋಡಿ ಎಳೆಯ ಆರ್‌ಎನ್‌ಎ ಕೆಲಸ ತೋರಿಸಿದ ಫೈರ್ ಮತ್ತು ಮೆಲ್ಲೊ ಅವರಿಗೆ. ಗಿಡಗಳಲ್ಲಿ ಇದನ್ನು ಕಂಡವರಿಗೂ ಪಾಲು ಸಿಗಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ಪಟ್ಟಿ ಮಾಯವಾಗಿದೆ ಎಂದರೆ ಆ ಹೂಗಳಲ್ಲಿ ಈ ಕತ್ತರಿ ಕೆಲಸ ಸಡಿಲವಾಗಿದೆ ಎಂದರ್ಥ. ಬಿಸಿಲು, ತಾಪಮಾನ ಬದಲಾದಂತೆ ಪಟ್ಟಿಯ ಅಗಲವೂ ಬದಲಾಗುವುದು ಈ ತಳಿಗಳ ಸ್ವಭಾವ. ಎಲೆ ನುಣುಪಾಗಿ ಒಂದೇ ಹಸಿರಾಗಿದ್ದರೆ ಚಿಂತೆ ಬೇಡ, ಮುಂದಿನ ಮೊಗ್ಗುಗಳನ್ನು ನೋಡಿ.

ಎಲೆಯಲ್ಲಿ ತಿಳಿ-ಗಾಢ ಹಸಿರಿನ ಮಚ್ಚೆ, ಮುದುಡಿದ ಚಿಗುರು, ಬಿಳಿ ಪಟ್ಟಿಯೊಳಗೇ ಅಡ್ಡಾದಿಡ್ಡಿ ನೇರಳೆ ಕಲೆ ಕಂಡರೆ ವೈರಸ್ ಎಂದೇ ಅನುಮಾನಿಸಿ. ಸೌತೆ ಮೊಸಾಯಿಕ್ ವೈರಸ್‌ನ 2ಬಿ ಎಂಬ ಪ್ರೋಟೀನು ಸಣ್ಣ ಆರ್‌ಎನ್‌ಎಗೂ ಆರ್ಗೊನಾಟ್‌ಗೂ ಅಂಟಿಕೊಂಡು ಗಿಡದ ಈ ಕತ್ತರಿ ಕೆಲಸವನ್ನು ಕೆಡಿಸುತ್ತದೆ. ಹಾಗಾಗಿ ರೋಗದಿಂದ ಬಣ್ಣ ಹೋಗುವ ಬದಲು ಬರುತ್ತದೆ! ಆ ವೈರಸ್ಸನ್ನು ಗಿಡಹೇನು ಹರಡುತ್ತದೆ. ತಂಬಾಕು ಮೊಸಾಯಿಕ್ ಕೈಯಿಂದ, ಕತ್ತರಿಯಿಂದ ಹಬ್ಬುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಮುಟ್ಟಿ ಬಂದವರು, ಬೀಡಿ ಸೇದುವವರು ಸೋಪು ಹಾಕಿ ಕೈ ತೊಳೆದೇ ಪೆಟೂನಿಯದ ತುದಿ ಚಿವುಟಬೇಕು. 100 ಮಿಲಿ ನೀರಿಗೆ 20 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿಟ್ಟು, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕೈ, ಕತ್ತರಿ ಅದರಲ್ಲಿ ಅದ್ದಿ. ರೋಗದ ಗಿಡಕ್ಕೆ ಔಷಧಿಯಿಲ್ಲ, ಬೇರುಸಹಿತ ಕಿತ್ತು ಹಾಕಿ.

ಬೀಜ ಹಿಡಿಯುವ ಆಸೆ ಬೇಡ. ಅಂಗಡಿಯ ಸಸಿಗಳು ಹೆಚ್ಚಾಗಿ ಎಫ್-1 (ಎರಡು ತಳಿ ಬೆರೆಸಿದ ಮೊದಲ ಪೀಳಿಗೆ), ಮರಿಗಿಡ ಹಾಗೇ ಬರುವುದಿಲ್ಲ. ಪಟ್ಟಿ ಚೆನ್ನಾಗಿರುವ, ಎಲೆ ಶುದ್ಧವಾಗಿರುವ ಗಿಡದಿಂದ 8-10 ಸೆಂ.ಮೀ. ತುದಿ ಕತ್ತರಿಸಿ, ಹೂ-ಮೊಗ್ಗು ತೆಗೆದು, ಮರಳು ಬೆರೆಸಿದ ಕೋಕೋಪೀಟ್‌ನಲ್ಲಿ ನೆಡಿ.