ಓದುಗರ ಪ್ರಶ್ನೆ: ಕುಣಿತದ ಸಂಜೆಗಳ ಪಟ್ಟಿ ಇಡುವುದು ಹೇಗೆ?

ಪ್ರಶ್ನೆ: ಕಾಂಟ್ರಾ, ಸ್ಕ್ವೇರ್, ಇಂಗ್ಲಿಷ್ ಕಂಟ್ರಿ ಡ್ಯಾನ್ಸ್ ಹೀಗೆ ಎಲ್ಲರೂ ಸೇರಿ ಕುಣಿಯುವ ಸಾಂಪ್ರದಾಯಿಕ ನೃತ್ಯಗಳ ಕಾರ್ಯಕ್ರಮಗಳನ್ನು ಒಂದೇ ಪಟ್ಟಿಗೆ ತರಬೇಕೆಂದಿದ್ದೇವೆ. ಒಂದೊಂದಕ್ಕೂ ಏನೇನು ಬರೆಯಬೇಕು?

ದಿನಾಂಕ, ವಾರ, ನೃತ್ಯದ ಬಗೆ, ಸಭಾಂಗಣದ ಹೆಸರು ಮತ್ತು ಪೂರ್ತಿ ವಿಳಾಸ, ಪ್ರವೇಶ ದರ, ಸಂಪರ್ಕ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ತಪ್ಪಿಹೋಗುವುದು ಸಮಯದ ವಿಷಯ. ಹೊಸಬರಿಗೆ ಹೆಜ್ಜೆ ಹೇಳಿಕೊಡುವ ಪಾಠ 7:30ಕ್ಕೆ, ಕುಣಿತ 8ಕ್ಕೆ ಅಂತಿದ್ದರೆ ಎರಡನ್ನೂ ಬೇರೆ ಬೇರೆ ಬರೆಯಿರಿ. ಬರೀ ‘8ಕ್ಕೆ’ ಎಂದರೆ ಹೊಸಬರಿಗೆ ಪಾಠ ತಪ್ಪುತ್ತದೆ. ಬರೀ ‘7:30’ ಎಂದರೆ ಹಳಬರು ಅರ್ಧ ಗಂಟೆ ಸುಮ್ಮನೆ ಕೂರಬೇಕಾಗುತ್ತದೆ.

ಹಳಬರು ಮೊದಲು ಹುಡುಕುವುದು ಹೆಜ್ಜೆಗಳನ್ನು ಕೂಗಿ ನಡೆಸುವ ‘ಕಾಲರ್’ ಯಾರು, ವಾದ್ಯದವರು ಯಾರು ಎಂಬುದನ್ನು. ಹೊಸಬರಿಗೆ ಬೇಕಾದದ್ದು ಬೇರೆ: ಜೊತೆಗಾರರನ್ನು ಕರೆತರಬೇಕೇ, ಏನೂ ಗೊತ್ತಿಲ್ಲದೆ ಬರಬಹುದೇ, ಕಾಲಿಗೆ ಏನು ಹಾಕಿಕೊಳ್ಳಬೇಕು? ಕಾಂಟ್ರಾದಲ್ಲಿ ಸಾಮಾನ್ಯವಾಗಿ ಒಂಟಿಯಾಗಿಯೇ ಬರಬಹುದು. ಪ್ರತಿ ನೃತ್ಯಕ್ಕೂ ಜೊತೆ ಬದಲಾಗುತ್ತದೆ, ಶುರುವಿಗೆ ಮುನ್ನ ಕಾಲರ್ ಒಮ್ಮೆ ನಡೆಸಿ ತೋರಿಸುತ್ತಾರೆ. ಮರದ ನೆಲವಾದರೆ ಮೆತ್ತನೆ ಅಟ್ಟೆಯ ಶುಭ್ರ ಬೂಟು ಬೇಕು. ಬೀದಿಯ ಮರಳಿನ ಹರಳು ನೆಲ ಗೀರುತ್ತದೆ. ಇದಕ್ಕೆಲ್ಲ ಒಂದು ಸಾಲು ಸಾಕು. ‘ಮಾಮೂಲಿ ಜಾಗದಲ್ಲಿ’ ಎಂದು ಮಾತ್ರ ಎಂದೂ ಬರೆಯಬೇಡಿ. ಮಾಮೂಲಿ ಜಾಗ ಗೊತ್ತಿದ್ದವರಿಗೆ ಪಟ್ಟಿಯೇ ಬೇಕಿಲ್ಲ.

ಪ್ರಶ್ನೆ: ‘ತಿಂಗಳಿಗೆ ಎರಡು ಶನಿವಾರ’ ಎಂದು ಆಯೋಜಕರು ತಿಳಿಸುತ್ತಾರೆ. ಹಾಗೇ ಹಾಕಬಹುದೇ?

ಬೇಡ. ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಆ ಮಾತಿಗೆ ಎರಡು ಅರ್ಥ. ‘ಒಂದನೇ ಮತ್ತು ಮೂರನೇ ಶನಿವಾರ’ ಎಂದಾದರೆ ವರ್ಷಕ್ಕೆ 24 ಸಂಜೆ. ‘ಶನಿವಾರ ಬಿಟ್ಟು ಶನಿವಾರ’ ಎಂದಾದರೆ 26. ವರ್ಷದಲ್ಲಿ ನಾಲ್ಕೈದು ತಿಂಗಳಿಗೆ ಐದನೇ ಶನಿವಾರ ಬರುತ್ತದೆ. ಮೊದಮೊದಲು ಎರಡೂ ಲೆಕ್ಕ ಒಂದೇ ಥರ ಕಂಡರೂ ಅಂಥ ತಿಂಗಳು ದಾಟಿದ ಕೂಡಲೇ ಒಂದು ವಾರ ಆಚೀಚೆ ಆಗುತ್ತವೆ. ಯಾವುದೆಂದು ಕೇಳಿ, ಮುಂದಿನ ಮೂರು ತಿಂಗಳ ದಿನಾಂಕಗಳನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಪರಿಶೀಲನೆಗೆ ಒಂದು ಸುಲಭ ಲೆಕ್ಕವಿದೆ. ಒಂದನೇ ಶನಿವಾರ ಯಾವತ್ತೂ 1ರಿಂದ 7ರೊಳಗೆ, ಎರಡನೆಯದು 8ರಿಂದ 14, ಮೂರನೆಯದು 15ರಿಂದ 21, ನಾಲ್ಕನೆಯದು 22ರಿಂದ 28. ‘ಎರಡನೇ ಶನಿವಾರ, 15’ ಎಂದು ಬಂದರೆ ಕ್ಯಾಲೆಂಡರ್ ತೆರೆಯದೆಯೇ ತಪ್ಪು ಗೊತ್ತಾಗುತ್ತದೆ. ‘ತಿಂಗಳ ಮೊದಲ ವಾರಾಂತ್ಯ’ ಎಂಬುದೂ ಅಪಾಯವೇ: 1ನೇ ತಾರೀಖು ಭಾನುವಾರ ಬಿದ್ದರೆ ಅದು ಯಾವ ವಾರಾಂತ್ಯವೆಂದು ಇಬ್ಬರು ಎರಡು ಥರ ಹೇಳುತ್ತಾರೆ.

ಹೋದ ವರ್ಷದ ಸಾಲನ್ನೇ ನಕಲು ಮಾಡಿ ಇಸವಿ ಮಾತ್ರ ತಿದ್ದುವ ಚಾಳಿ ಬಿಡಿ. 2026ರ ಮಾರ್ಚ್ 14 ಶನಿವಾರ. 2027ರಲ್ಲಿ ಅದೇ ತಾರೀಖು ಭಾನುವಾರ, ಎರಡನೇ ಶನಿವಾರ 13ಕ್ಕೆ. ತಾರೀಖಿನ ಜೊತೆ ವಾರವನ್ನೂ ಬರೆಯಬೇಕು ಎನ್ನುವುದು ಇದಕ್ಕೇ. ಎರಡೂ ತಾಳೆಯಾಗದಿದ್ದರೆ ಓದುವವರೇ ನಿಮಗೆ ತಿಳಿಸುತ್ತಾರೆ. ಇನ್ನು 03/04 ಎಂದು ಅಂಕಿಯಲ್ಲಿ ಬರೆದರೆ ಬ್ರಿಟನ್ನಿನವರು ಏಪ್ರಿಲ್ 3 ಎಂದು, ಅಮೆರಿಕದವರು ಮಾರ್ಚ್ 4 ಎಂದು ಓದುತ್ತಾರೆ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ಪ್ರಶ್ನೆ: ಫೋನಿನ ಕ್ಯಾಲೆಂಡರಿಗೆ ಸೇರಿಸಿಕೊಳ್ಳುವ ಐಸಿಎಸ್ ಕಡತ ಕೊಡುತ್ತಿದ್ದೇವೆ. ಮಾರ್ಚ್ ಬಂದಾಗ ಸಮಯ ಒಂದು ಗಂಟೆ ತಪ್ಪಾಗಿ ತೋರಿಸುತ್ತದೆ. ಏಕೆ?

ನೀವು ಸಮಯವನ್ನು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣಿತ ಸಮಯದಲ್ಲಿ, ಇಟ್ಟಿದ್ದೀರಿ. ಅಮೆರಿಕದ ಬಹುಪಾಲು ಕಡೆ ಮಾರ್ಚ್ ಎರಡನೇ ಭಾನುವಾರ, ಯುರೋಪಿನ ಬಹುಪಾಲು ದೇಶಗಳಲ್ಲಿ ಮಾರ್ಚ್ ಕಡೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಯುಟಿಸಿ ಕದಲುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ನಮೂದಿಸಿದ 7:30ರ ಕಾರ್ಯಕ್ರಮ ಆಮೇಲೆ 8:30 ಎಂದು ಕಾಣುತ್ತದೆ. ಸ್ಥಳೀಯ ಸಮಯವನ್ನೇ ಇಟ್ಟು, ಪಕ್ಕದಲ್ಲಿ ‘ಅಮೆರಿಕ/ನ್ಯೂಯಾರ್ಕ್’, ‘ಯುರೋಪ್/ಲಂಡನ್’ ರೀತಿಯ ವಲಯದ ಹೆಸರು ಕೊಡಿ. ‘ಯುಟಿಸಿಗಿಂತ 5 ಗಂಟೆ ಹಿಂದೆ’ ಎಂದು ಅಂಕಿ ಕೊಟ್ಟರೂ ಅದೇ ತೊಂದರೆ.

ಪ್ರಶ್ನೆ: ರದ್ದಾದ ಕಾರ್ಯಕ್ರಮವನ್ನು ಅಳಿಸಿಬಿಡುವುದೇ ಸರಿಯಲ್ಲವೇ?

ಅಳಿಸಬೇಡಿ. ಹೋದ ವಾರ ನೋಡಿ ಡೈರಿಯಲ್ಲಿ ಗುರುತು ಹಾಕಿಕೊಂಡವರಿಗೆ, ಸಾಲು ಮಾಯವಾದರೆ ಏನೂ ತಿಳಿಯುವುದಿಲ್ಲ; ಅವರು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುತ್ತಾರೆ. ಸಾಲಿನ ಮೊದಲ ಪದವೇ ‘ರದ್ದು’ ಎಂದಿರಲಿ, ಆ ದಿನ ಕಳೆಯುವವರೆಗೂ ಇರಲಿ. ಫೋನಿನ ಪರದೆಯಲ್ಲಿ ಶೀರ್ಷಿಕೆಯ ಕೊನೆ ಕತ್ತರಿಸಿಹೋಗುತ್ತದೆ, ಆದ್ದರಿಂದ ಕೊನೆಗೆ ಸೇರಿಸಿದರೆ ಪ್ರಯೋಜನವಿಲ್ಲ. ಐಸಿಎಸ್ ಕಡತದಲ್ಲಿ ಹಳೆಯ ಗುರುತಿನ ಸಂಖ್ಯೆಯನ್ನೇ ಉಳಿಸಿಕೊಂಡು ಸ್ಥಿತಿಯನ್ನು ‘ರದ್ದು’ ಮಾಡಿ. ಹೊಸ ಸಂಖ್ಯೆ ಕೊಟ್ಟರೆ ಓದುಗರ ಕ್ಯಾಲೆಂಡರಿನಲ್ಲಿ ಹಳೆಯದೂ ಹೊಸದೂ ಎರಡೂ ಕೂತುಬಿಡಬಹುದು.

ಪ್ರಶ್ನೆ: ಆಯೋಜಕರು ಉತ್ತರವನ್ನೇ ಕೊಡುವುದಿಲ್ಲ.

ಖಾಲಿ ಅರ್ಜಿ ಕಳಿಸಿದರೆ ಯಾರೂ ತುಂಬುವುದಿಲ್ಲ. ನಿಮ್ಮ ಪಟ್ಟಿಯಲ್ಲಿರುವ ಅವರ ಸಾಲನ್ನೇ ಕಳಿಸಿ, ‘ಇದು ಸರಿಯೇ?’ ಎಂದಷ್ಟೇ ಕೇಳಿ. ತಪ್ಪಿದ್ದರೆ ಸುಮ್ಮನಿರಲು ಅವರಿಗೇ ಮನಸ್ಸಾಗುವುದಿಲ್ಲ. ಪ್ರತಿ ಸಾಲಿನ ತುದಿಗೆ ‘ಖಚಿತಪಡಿಸಿದ ದಿನ’ ಹಾಕಿ. ಎರಡು ಬಾರಿ ಕೇಳಿಯೂ ಉತ್ತರವಿಲ್ಲದಿದ್ದರೆ ದಿನಾಂಕಗಳನ್ನು ತೆಗೆದು ಸಂಪರ್ಕವನ್ನಷ್ಟೇ ಉಳಿಸಿ. ಪಟ್ಟಿ ಚಿಕ್ಕದಾದರೂ ಚಿಂತೆಯಿಲ್ಲ.

ಸಂಪರ್ಕಕ್ಕೆ ಯಾರದೋ ಸ್ವಂತ ಫೋನ್ ನಂಬರು ಹಾಕುವ ಮುಂಚೆ ಅವರ ಒಪ್ಪಿಗೆ ಪಡೆಯಿರಿ. ತಂಡದ ಹೆಸರಿನ ಇಮೇಲ್ ಇದ್ದರೆ ಅದೇ ಲೇಸು, ಕಾರ್ಯಕರ್ತರು ಬದಲಾದರೂ ವಿಳಾಸ ನಡೆಯುತ್ತದೆ. ಮನೆಯಲ್ಲಿ ನಡೆಯುವ ಕುಣಿತವಾದರೆ ಬಡಾವಣೆಯ ಹೆಸರು ಮಾತ್ರ ಹಾಕಿ. ಮನೆ ನಂಬರನ್ನು ಕೇಳಿದವರಿಗೆ ಮನೆಯವರೇ ಕೊಡಲಿ.