ಟ್ಯಾಬ್ ಬ್ಯಾರೆ ವಿಂಡೋದಾಗ ನಿಲ್ಲವಲ್ದು ಅಂದವರಿಗೆ

ಸರ್, ಕಲಬುರಗಿ ದಾಲ್ ಮಿಲ್ಲಿನ ಲೆಕ್ಕದ ನಿಮ್ಮ ಆ್ಯಪ್‌ದಾಗ ಟ್ಯಾಬ್ ಒಂದೇ ವಿಂಡೋದಾಗ ಹಿಂದ-ಮುಂದ ಆಗ್ತದ, ಇನ್ನೊಂದು ವಿಂಡೋಕ್ಕ ಎಳೆದ್ರ ವಾಪಸ್ ಬರ್ತದ ಅಂತ ಕೇಳೀರಿ. ಮೊದ್ಲು ಟ್ಯಾಬ್ ಎಲ್ಲೆಲ್ಲಿ ಓಡಾಡಬಹುದು ಅಂತ ಹೇಳೋ ಗ್ರೂಪ್ ಹೆಸರು ನೋಡ್ರಿ. ಜಿಟಿಕೆ (ಆ್ಯಪಿನ ವಿಂಡೋ, ಬಟನ್ ಕಟ್ಟೋ ಸಾಧನ) ನೋಟ್‌ಬುಕ್‌ದಾಗ, ಅಂದ್ರ ಟ್ಯಾಬ್ ಹಿಡಿಯೋ ಚೌಕಟ್ಟಿನ್ಯಾಗ, ರೀಆರ್ಡರೇಬಲ್ (ಟ್ಯಾಬ್ ಹಿಂದ-ಮುಂದ ಮಾಡೋದು) ಅಷ್ಟೇ ಆನ್ ಮಾಡಿದ್ರ ಸಾಲಂಗಿಲ್ಲ. ಡಿಟ್ಯಾಚೇಬಲ್ (ಟ್ಯಾಬ್ ಬಿಡಿಸಿ ಹೊರಗ ಒಯ್ಯೋದು) ಸುದಾ ಬೇಕು, ಅದೂ ಒಂದೊಂದು ಪುಟಕ್ಕ ಬ್ಯಾರೆ ಬ್ಯಾರೆ ಕೊಡಬೇಕು. ಎರಡೂ ನೋಟ್‌ಬುಕ್ಕಿಗೆ ಗ್ರೂಪ್ ಹೆಸರು ಒಂದೇ ಇರಬೇಕು. ಹೆಸರೇ ಕೊಡಲಿಲ್ಲಂದ್ರ ಟ್ಯಾಬ್ ಆಚೀಚೆ ಹೋಗಂಗಿಲ್ಲ.

ಟೆಸ್ಟ್ ಸ್ಕ್ರಿಪ್ಟಿಗೆ ಎಕ್ಸ್‌ಡೂಟೂಲ್ (ಮೌಸ್, ಕೀಲಿ ತಾನೇ ಒತ್ತೋ ಸಾಧನ, ಎಕ್ಸ್11 ಪರದೆ ವ್ಯವಸ್ಥೆಗೆ ಮಾಡಿದ್ದು) ಬಳಸ್ತಿದ್ರ ವೇಲ್ಯಾಂಡ್ (ಲಿನಕ್ಸಿನ ಹೊಸ ಪರದೆ ವ್ಯವಸ್ಥೆ) ಸೆಷನ್ ನಂಬಬ್ಯಾಡ್ರಿ, ಎಕ್ಸ್‌ವಿಎಫ್‌ಬಿ (ಕಾಣದ ಎಕ್ಸ್11 ಪರದೆ) ಒಳಗ ಓಡಿಸ್ರಿ. ಬಟನ್ ಒತ್ತಿ ಪಾಯಿಂಟರ್ ಒಮ್ಮೆಲೇ ಕೊನೀಗೆ ಜಿಗಿಸಬ್ಯಾಡ್ರಿ. ಡೀಫಾಲ್ಟ್ 8 ಪಿಕ್ಸೆಲ್ ದಾಟಿದ ಮ್ಯಾಲೇ ಡ್ರ್ಯಾಗ್ ಶುರು ಆಗ್ತದ, ಅದಕ್ಕ ಸಣ್ಣ ಸಣ್ಣ ಹೆಜ್ಜೀಲೆ ಸರಸ್ರಿ, ನಡುವ ಸ್ವಲ್ಪ ತಡದು ಬಿಡ್ರಿ.

ಹಳೇ ನೋಟ್‌ಬುಕ್‌ದಾಗ ಪೇಜ್-ರಿಮೂವ್ಡ್, ಹೊಸದರಾಗ ಪೇಜ್-ಆ್ಯಡೆಡ್ ಸಿಗ್ನಲ್ (ಏನಾತು ಅಂತ ಜಿಟಿಕೆ ಆ್ಯಪಿಗೆ ಕೊಡೋ ಸೂಚನೆ) ಬಂತೇನು ನೋಡ್ರಿ. ನನಗ ಅದಕ್ಕಿಂತ ಮುಖ್ಯ ಅನಸೋದು ಇದು: ತೊಗರಿ ಆವಕದ ಟ್ಯಾಬಿನ್ಯಾಗ ತೂಕ ಅರ್ಧ ಬರದು, ಸೇವ್ ಮಾಡದೆ ಎಳದು ನೋಡ್ರಿ. ಟ್ಯಾಬ್ ಹೋಗಿ ಅಂಕಿ ಕಳದ್ರ ಮಿಲ್ಲಿನವರಿಗೆ ಲುಕ್ಸಾನು. ಖಾಲಿ ಡೆಸ್ಕ್‌ಟಾಪ್ ಮ್ಯಾಲೂ ಒಮ್ಮೆ ಬಿಡ್ರಿ. ಅಲ್ಲಿ ಕ್ರಿಯೇಟ್-ವಿಂಡೋ ಸಿಗ್ನಲ್ಲಿಗೆ ಹೊಸ ನೋಟ್‌ಬುಕ್ ನೀವೇ ಕೊಡಬೇಕು.